ಊರಿಗೆ ಅಂಕ ಕೊಡುವ ಮೊದಲು ನೀರು ಬಿಡುವ ದಿನ ಕೇಳಿ

ಸಂಪಾದಕರಿಗೆ ನಮಸ್ಕಾರ.

ರಾಜ್ಯದಲ್ಲಿ ವಾಸಕ್ಕೆ ಯಾವ ನಗರ ಒಳ್ಳೆಯದು ಅಂತ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಮೂರು ವಾರದಿಂದ ಜಗಳ ನಡೆದಿದೆ. ಒಬ್ಬರು ಮೈಸೂರು ಅನ್ನುತ್ತಾರೆ. ಇನ್ನೊಬ್ಬರು ಮಂಗಳೂರು. ಮತ್ತೊಬ್ಬರಿಗೆ ಬೆಂಗಳೂರು ಬಿಟ್ಟರೆ ಬದುಕೇ ಇಲ್ಲ. ಬರೆದವರೆಲ್ಲ ಗಂಡಸರು, ಇರಲಿ, ಸುಮ್ನೆ ಹೇಳಿದೆ. ನನ್ನದೂ ಒಂದು ಮಾತು ಇರಲಿ ಅಂತ ಕೂತಿದ್ದೇನೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು. ವರ್ಗಾವಣೆ ಆದೇಶ ಅವರ ಹೆಸರಿಗೆ ಬರುತ್ತಿತ್ತು, ಸಾಮಾನು ಕಟ್ಟುತ್ತಿದ್ದದ್ದು ನಾನು. ಹುಟ್ಟಿದ್ದು ಗದುಗಿಗೆ ಅಂಟಿಕೊಂಡ ಬೆಟಗೇರಿ. ಮದುವೆಯಾದ ಮೇಲೆ ಕಲಬುರಗಿ, ದಾವಣಗೆರೆ, ಮಂಗಳೂರು, ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಕಡೆಗೆ ಧಾರವಾಡ. ಎಂಟು ಊರಿನಲ್ಲಿ ಒಲೆ ಹಚ್ಚಿದ್ದೇನೆ, ಎಂಟು ಊರಿನ ನಳ ತಿರುವಿದ್ದೇನೆ. ಈ ವಿಷಯದಲ್ಲಿ ನನಗಿರುವ ಡಿಗ್ರಿ ಇಷ್ಟೇ.

ಈಗ ಬರೆಯಲು ಕಾರಣ ನನ್ನ ಮಗ. ಅವನೂ ಸೊಸೆಯೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಬೆಳ್ಳಂದೂರಿನ ಕಡೆ ಎರಡು ಬೆಡ್‌ರೂಮಿನ ಮನೆ, ತಿಂಗಳಿಗೆ 38 ಸಾವಿರ ಬಾಡಿಗೆ. ಈಗ ತಿಂಗಳಿಗೆ ಎರಡು ಸಲ ಆಫೀಸಿಗೆ ಹೋಗಿ ಮುಖ ತೋರಿಸಿದರೆ ಸಾಕಂತೆ, ಉಳಿದ ಕೆಲಸ ಮನೆಯಿಂದಲೇ. ಹಾಗಾಗಿ ಬೇರೆ ಊರು ನೋಡುತ್ತಿದ್ದಾರೆ. ಒಂದು ರಾತ್ರಿ ಫೋನ್ ಮಾಡಿ, "ಅವ್ವಾ, ಬೆಂಗಳೂರು ಸಾಕಾಗೇತಿ. ಎಲ್ಲಿಗೆ ಬರೂದು ಹೇಳು" ಅಂದ. ನಾನು ಬಾಯಿ ತೆಗೆಯುವ ಮೊದಲೇ ವಾಟ್ಸಾಪಿಗೆ ಒಂದು ಎಕ್ಸೆಲ್ ಹಾಳೆ ಬಂತು. ಆರು ಊರು, ಹದಿನಾಲ್ಕು ಸಾಲು, ಪ್ರತಿ ಸಾಲಿಗೂ ಹತ್ತಕ್ಕೆ ಇಷ್ಟು ಅಂತ ಅಂಕ. ಹವೆ, ಬಾಡಿಗೆ, ಇಂಟರ್ನೆಟ್, ಶಾಲೆ, ವಿಮಾನ ನಿಲ್ದಾಣ, ಮಾಲ್, ಇನ್ನೂ ಏನೇನೋ. ಮೈಸೂರು ಮೊದಲು ಬಂದಿತ್ತು. ಮಂಗಳೂರು ಎರಡನೆಯದು, ಅದರಲ್ಲಿ ಸೊಸೆಯ ಕೈವಾಡ ಇದೆ, ಅವಳ ತವರು ಅದೇ. ಹುಬ್ಬಳ್ಳಿ-ಧಾರವಾಡ ನಾಲ್ಕನೆಯದು.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಹದಿನಾಲ್ಕು ಸಾಲಿನಲ್ಲಿ ನೀರು ಇರಲಿಲ್ಲ.

"ನೀರು ಎಲ್ಲಪ್ಪಾ?" ಅಂತ ಕೇಳಿದೆ. "ನೀರು ಎಲ್ಲಾ ಕಡೆ ಬರ್ತಾವಲ್ಲವ್ವಾ" ಅಂದ. ಹತ್ತು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದವನು, ಅವನ ಪಾಲಿಗೆ ನೀರು ಅಂದರೆ ತಿರುವಿದರೆ ಬರುವ ವಸ್ತು. ಅದರ ಹಿಂದೆ ಟ್ಯಾಂಕರ್ ಇದೆ, ಮೆಂಟೆನೆನ್ಸ್ ಬಿಲ್ ಇದೆ, ಅದನ್ನು ಕಟ್ಟುವಾಗಷ್ಟೇ ನೆನಪಾಗುತ್ತದೆ.

ನಮ್ಮ ಧಾರವಾಡದ ಮನೆಯ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿ ಎಲ್ಲ ಅದರಲ್ಲಿ ಇದೆ, ಆದರೆ ನಾನು ಅದನ್ನು ನೋಡುವುದು ನೀರಿಗೆ. ನೀರು ಬಿಟ್ಟ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಆರು ದಿನ, ಏಳು ದಿನ, ಪೈಪ್ ಒಡೆದರೆ ಒಂಬತ್ತು. ನೀರು ಬರುವ ಹೊತ್ತಿಗೆ ಹೊತ್ತಿಲ್ಲ. ರಾತ್ರಿ ಎರಡಕ್ಕೆ ಬಂದರೂ ಬಂತು. ನಳಕ್ಕೆ ಮೊದಲು ಗಾಳಿ ಬರುತ್ತದೆ, ಬುಸ್ ಅನ್ನುತ್ತದೆ, ಆ ಸದ್ದಿಗೆ ನನಗೆ ಎಷ್ಟು ಗಾಢ ನಿದ್ದೆಯಲ್ಲೂ ಎಚ್ಚರವಾಗುತ್ತದೆ. ಹತ್ತು ನಿಮಿಷ ಕೆಂಪು ನೀರು ಬಿಟ್ಟುಬಿಡಬೇಕು, ಅದನ್ನು ಬಕೆಟಿಗೆ ಹಿಡಿದು ಗಿಡಕ್ಕೆ ಹಾಕಬೇಕು. ಆಮೇಲೆ ನಳದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕುಡಿಯುವ ನೀರಿನ ಕೊಡ ಮೊದಲು, ಹಿತ್ತಾಳೆ ಹಂಡೆ ಎರಡನೆಯದು, ಬ್ಯಾರಲ್ ಮೂರು, ಕಡೆಗೆ ಸಂಪ್. ಸಂಪ್ ತುಂಬಿದ ಮೇಲೆ ಮೋಟರ್ ಹಚ್ಚಿ ಮೇಲಿನ ಸಿಂಟೆಕ್ಸ್. ಅಷ್ಟೊತ್ತಿಗೆ ಕಾಗೆ ಕೂಗುತ್ತದೆ. ಈ ನಡುವೆ ಯಜಮಾನರು ಒಮ್ಮೆ ಎದ್ದು ಬಂದು, "ಬಂತೇನು?" ಅಂತ ಕೇಳಿ ಮತ್ತೆ ಮಲಗುತ್ತಾರೆ. ಬೀಗರು ಬರುತ್ತೇವೆ ಅಂದರೆ ಕ್ಯಾಲೆಂಡರ್ ನೋಡಿಯೇ ಹ್ಞೂಂ ಅನ್ನುತ್ತೇನೆ. ಹಾಸಿಗೆ, ಚಾದರ ಒಗೆಯುವುದು, ಉಪ್ಪಿನಕಾಯಿ ಹಾಕುವುದು, ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು, ಎಲ್ಲಕ್ಕೂ ಆ ಕೆಂಪು ಸುತ್ತೇ ಮುಹೂರ್ತ.

ನಮ್ಮ ಓಣಿಯ ಹೆಂಗಸರ ಫೋನಿನಲ್ಲೆಲ್ಲ ನೀರು ಬಿಡುವ ವಾಲ್‌ಮನ್ ನಂಬರ್ ಇದೆ. ನನ್ನ ಫೋನಿನಲ್ಲಿ 'ನೀರಣ್ಣ' ಅಂತ ಇದೆ. ಹೋಳಿಗೆ ಮಾಡಿದ ದಿನ ಅವನಿಗೊಂದು ಡಬ್ಬಿ ಹೋಗುತ್ತದೆ. ಲಂಚ ಅನ್ನಬೇಡಿ, ಅವನೂ ಪಾಪ ರಾತ್ರಿಯೆಲ್ಲ ಚಾವಿ ಹಿಡಿದು ಓಣಿ ಓಣಿ ತಿರುಗುವವನು, ಸಂಬಳ ಸರಿಯಾಗಿ ಬಂದಿಲ್ಲ ಅಂತ ನಮ್ಮ ಮುಂದೆಯೇ ಅಳುತ್ತಾನೆ. ಒಮ್ಮೆ ಒಂದು ಕಚೇರಿಗೆ ಹೋಗಿ, ನಮ್ಮ ಓಣಿಗೆ ಯಾವ ದಿನ ನೀರು ಅಂತ ಒಂದು ಚೀಟಿ ಬರೆದು ಕೊಡಿ ಅಂತ ಕೇಳಿದೆ. ಕೌಂಟರಿನ ಹುಡುಗ ನನ್ನ ಮುಖ ನೋಡಿ, "ಅದನ್ನ ವಾಲ್‌ಮನ್‌ಗ ಕೇಳ್ರೀ ಅಮ್ಮಾರ" ಅಂದ. ಅಂದರೆ ಕಚೇರಿಗೂ ಅವನೇ ಗತಿ.

ಇಷ್ಟು ಓದಿ, ಹಾಗಾದರೆ ಧಾರವಾಡ ವಾಸಕ್ಕೆ ಯೋಗ್ಯವಲ್ಲ ಅಂದುಕೊಂಡರೆ ಅದೂ ತಪ್ಪು. ನನ್ನ ಗೆಳತಿ ಒಬ್ಬಳು ಇದೇ ಧಾರವಾಡದಲ್ಲಿ ಇದ್ದಾಳೆ, ನಮ್ಮ ಮನೆಯಿಂದ ನಡೆದು ಹೋದರೆ ಇಪ್ಪತ್ತು ನಿಮಿಷ. ಅವಳ ಮನೆಯಲ್ಲಿ ಬ್ಯಾರಲ್ಲೇ ಇಲ್ಲ. ಯಾಕೆಂದರೆ 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು, ಬೆಳಗಾವಿ, ಕಲಬುರಗಿಯಲ್ಲೂ ಆಯಿತು, ಅವಳ ಮನೆ ಆ ವಾರ್ಡಿನಲ್ಲಿದೆ. ಅವಳಿಗೆ ಬರುವುದೂ ಸವದತ್ತಿ ಹತ್ತಿರದ ನವಿಲುತೀರ್ಥದ ಮಲಪ್ರಭೆ ನೀರೇ, ನಮಗೆ ಬರುವುದೂ ಅದೇ. ನದಿ ಒಂದೇ, ಊರು ಒಂದೇ. ಅವಳು ನಳ ತಿರುವಿ ಅಕ್ಕಿ ತೊಳೆಯುತ್ತಾಳೆ, ನಾನು ಕ್ಯಾಲೆಂಡರ್ ನೋಡಿ ತೊಳೆಯುತ್ತೇನೆ. ಈಗ ಹೇಳಿ, ಮಗನ ಎಕ್ಸೆಲ್‌ನಲ್ಲಿ ಧಾರವಾಡಕ್ಕೆ ಹತ್ತಕ್ಕೆ ಎಷ್ಟು ಬರೆಯಬೇಕು? ಅವಳ ಮನೆಗೆ ಹತ್ತು, ನಮ್ಮ ಮನೆಗೆ ಮೂರು. ಕೂಡಿಸಿ ಭಾಗಿಸಿ ಆರೂವರೆ ಅಂತ ಬರೆದರೆ ಆ ಆರೂವರೆ ಅಂಕದ ಮನೆ ಇಡೀ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಊರಿಗೆ ಅಂಕ ಕೊಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಕೇಂದ್ರ ಸರ್ಕಾರದವರೂ ಹೀಗೆ ಒಂದು ಪಟ್ಟಿ ಮಾಡಿದ್ದರು, 2020ರದ್ದು, ಬಿಡುಗಡೆ ಆದದ್ದು 2021ರ ಮಾರ್ಚ್‌ನಲ್ಲಿ. ಒಟ್ಟು 111 ನಗರ. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ 49 ನಗರಗಳಲ್ಲಿ ಬೆಂಗಳೂರೇ ದೇಶಕ್ಕೆ ಮೊದಲು. ಹತ್ತು ಲಕ್ಷದೊಳಗಿನವುಗಳಲ್ಲಿ ನಮ್ಮ ದಾವಣಗೆರೆ ಒಂಬತ್ತನೆಯದು. ಓದಿ ಖುಷಿಪಟ್ಟೆವು, ಪೇಪರ್ ಕಟಿಂಗ್ ಮಗನಿಗೆ ಕಳಿಸಿದೆವು. ಮುಂದಿನ ವರ್ಷ, 2022ರ ಸೆಪ್ಟೆಂಬರ್ ಮಳೆಯಲ್ಲಿ, ಅದೇ ಮೊದಲ ನಂಬರಿನ ಊರಲ್ಲಿ ನನ್ನ ಮಗ ಲ್ಯಾಪ್‌ಟಾಪ್ ತಲೆ ಮೇಲೆ ಇಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ. ಫೋಟೊ ಕಳಿಸಿದ್ದ. ನಮ್ಮ ಬೆಟಗೇರಿ ಕಡೆ ಟ್ರ್ಯಾಕ್ಟರ್ ಹತ್ತುವುದು ಜಾತ್ರೆಗೆ. 2024ರ ಬೇಸಿಗೆಯಲ್ಲಿ ಅಲ್ಲಿ ಬೋರ್‌ವೆಲ್ ಬತ್ತಿದವು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಅಂತ ಆದೇಶ ಬಂತು, ಸೊಸೆ ಊಟಕ್ಕೆ ಪೇಪರ್ ಪ್ಲೇಟ್ ತಂದಳು. ಆಗ ನಾನೇ ಫೋನಿನಲ್ಲಿ ಹೇಳಿಕೊಟ್ಟೆ, ಅಕ್ಕಿ ತೊಳೆದ ನೀರಲ್ಲಿ ತರಕಾರಿ ತೊಳೆ, ತರಕಾರಿ ತೊಳೆದ ನೀರು ಕುಂಡಕ್ಕೆ ಹಾಕು ಅಂತ. ಆ ವಿದ್ಯೆ ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ.

ಬೆಂಗಳೂರನ್ನು ಬೈಯಲು ನನಗೆ ಮನಸ್ಸಿಲ್ಲ. ನಮ್ಮ ಕಡೆಯ ಎಷ್ಟು ಮನೆಗಳ ಅನ್ನ ಅಲ್ಲಿಂದ ಬರುತ್ತದೆ, ಲೆಕ್ಕ ಇಲ್ಲ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ಎತ್ತಿ ತರುತ್ತಾರೆ, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಬಂತು, ಒಳ್ಳೆಯದಾಯಿತು. ಬರೀ ಇಷ್ಟು ಕೇಳುತ್ತೇನೆ, ಅಷ್ಟು ದೂರದ ನೀರು ಅವರಿಗೆ ಬರುತ್ತದೆ, ನಮ್ಮ ಪಕ್ಕದ ಖಾನಾಪುರ ಕಾಡಿನಲ್ಲಿ ಹರಿಯುವ ಹಳ್ಳದ ನೀರು ನಮಗೆ ಯಾಕೆ ಬರುವುದಿಲ್ಲ? ಆ ಹಳ್ಳಗಳು ಸೇರುವ ಮಹದಾಯಿ ನದಿಯ ನೀರು ಹಂಚುವ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿ ಎರಡೂ ಹಳ್ಳ ಸೇರಿ ಮಲಪ್ರಭೆಗೆ ತಿರುಗಬೇಕಾದದ್ದು 3.9 ಟಿಎಂಸಿ. ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ಆ ನೀರಿಗೆ ಕಾಯುತ್ತಾ ನನ್ನ ಕೂದಲು ಹಣ್ಣಾಯಿತು, ನೀರು ಇನ್ನೂ ದಾರಿಯಲ್ಲೇ ಇದೆ.

ಸೊಸೆಯ ಮಂಗಳೂರಿನ ಬಗ್ಗೆ ಹೇಳದಿದ್ದರೆ ಅವಳಿಗೆ ಬೇಜಾರಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಅತಿ ಕಷ್ಟವಾದ ಊರೂ ಅದೇ, ಬಿಟ್ಟು ಬರುವಾಗ ಕಣ್ಣೀರು ಬಂದ ಊರೂ ಅದೇ. ಬಾಡಿಗೆ ಮನೆಯ ಹಿಂದೆ ಬಾವಿ ಇತ್ತು. ರಾಟೆಗೆ ಹಗ್ಗ, ಹಗ್ಗಕ್ಕೆ ಕೊಡ, ಇಳಿಸಿದರೆ ನೀರು. ರಾತ್ರಿ, ಹಗಲು, ಹಬ್ಬ, ಅಮಾವಾಸ್ಯೆ, ಯಾವಾಗ ಬೇಕಾದರೂ. ಮೊದಲ ವಾರ ಸುಮ್ಮನೆ ಸೇದಿ ಸೇದಿ ಅಂಗಳ ತೊಳೆದೆ. ಪಕ್ಕದ ಮನೆಯ ಬಾಯಮ್ಮ, "ನಿಮ್ಮ ಊರಲ್ಲಿ ನೀರಿಲ್ವಾ?" ಅಂತ ಕೇಳಿಯೇಬಿಟ್ಟರು. ಜೂನ್ ಬಂದ ಮೇಲೆ ಆ ಸಂಭ್ರಮ ಇಳಿಯಿತು. ಮೂರು ತಿಂಗಳು ಒಂದು ಬಟ್ಟೆಯೂ ಸರಿಯಾಗಿ ಒಣಗಲಿಲ್ಲ. ಮಕ್ಕಳ ಯೂನಿಫಾರ್ಮ್ ಇಸ್ತ್ರಿ ಹಾಕಿ ಒಣಗಿಸಿ ಕಳಿಸಬೇಕು, ಕಾಲುಚೀಲವನ್ನು ಫ್ರಿಜ್ಜಿನ ಹಿಂದೆ ನೇತು ಹಾಕಬೇಕು. ಉಪ್ಪು ಕರಗಿ ಡಬ್ಬಿಯ ತಳದಲ್ಲಿ ನೀರಾಗುತ್ತಿತ್ತು. ಬೆಟಗೇರಿಯಿಂದ ತಂದ ಜೋಳದ ಹಿಟ್ಟು ಹದಿನೈದು ದಿನಕ್ಕೆ ಜಿಗಟು ಹೋಗಿ ರೊಟ್ಟಿ ತಟ್ಟಿದರೆ ಅಂಚೆಲ್ಲ ಬಿರುಕು. ರೊಟ್ಟಿ ಬಾರದೆ ನಾನು ಅಳುತ್ತಾ ಕೂತದ್ದು ಉಂಟು, ಈಗ ನಗು ಬರುತ್ತದೆ. ಆದರೆ ಆಸ್ಪತ್ರೆ, ಶಾಲೆ, ಬಸ್ಸು ಅಂದರೆ ಆ ಊರಿನವೇ. ಕಂಡಕ್ಟರ್ ಸೀಟಿ ಊದಿದ ಅಂದರೆ ಬಸ್ ಹೊರಟಿತು ಅಂತಲೇ ಅರ್ಥ. ಅಲ್ಲಿಯೂ ನೇತ್ರಾವತಿ ಬತ್ತಿದ ಬೇಸಿಗೆಯಲ್ಲಿ, 2019ರಲ್ಲಿ, ನೀರಿಗೆ ರೇಷನಿಂಗ್ ಮಾಡಿದರು. ಅಷ್ಟು ಮಳೆ ಸುರಿಯುವ ಊರಿನಲ್ಲಿ! ಸೊಸೆಗೆ ಅದನ್ನು ನೆನಪಿಸಿದರೆ, "ಅದು ಒಂದು ವರ್ಷ ಅಲ್ವಾ ಅತ್ತೆ" ಅನ್ನುತ್ತಾಳೆ. ಹೌದು, ಒಂದು ವರ್ಷ.

ಮೈಸೂರಿಗೆ ಮಗ ಮೊದಲ ಸ್ಥಾನ ಕೊಟ್ಟದ್ದು ತಪ್ಪಲ್ಲ. ಅಂಕದ ಲೆಕ್ಕದಲ್ಲಿ ಅದನ್ನು ಸೋಲಿಸುವ ಊರು ರಾಜ್ಯದಲ್ಲಿ ಇಲ್ಲ ಅಂತ ನಾನೂ ಒಪ್ಪುತ್ತೇನೆ. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲೇ, ಊರು ಸರಿಮಾಡಲು ಒಂದು ಮಂಡಳಿ ಕಟ್ಟಿಕೊಂಡವರು ಅವರು. ರಸ್ತೆ ಅಗಲ ಇರಬೇಕು, ಮನೆ ನಡುವೆ ಗಾಳಿ ಆಡಬೇಕು ಅಂತ ನೂರು ವರ್ಷದ ಹಿಂದೆಯೇ ಯೋಚನೆ ಮಾಡಿದ್ದಾರೆ. 2015ರಲ್ಲಿ, ಮತ್ತೆ 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು ಬಂತು ಅಂದರೆ ಅದು ಒಂದೆರಡು ವರ್ಷ ಪೊರಕೆ ಹಿಡಿದದ್ದರಿಂದ ಬಂದದ್ದಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆದರೆ ಮೊಣಕಾಲು ನೋವು ಮರೆತುಹೋಗುತ್ತದೆ. ನನಗೆ ಅಲ್ಲಿ ಕಷ್ಟವಾದದ್ದು ಒಂದೇ. ನಮ್ಮವರು ಯಾರೂ ಇಲ್ಲ. ಅಪ್ಪ ಹೋದ ಸುದ್ದಿ ಮೈಸೂರಿನಲ್ಲಿದ್ದಾಗಲೇ ಬಂತು. ರಾತ್ರಿ ರೈಲು ಹಿಡಿದು, ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಗದುಗಿಗೆ ಬಸ್ ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಕ್ಸೆಲ್‌ನಲ್ಲಿ ಆ ದೂರಕ್ಕೆ ಯಾವ ಸಾಲು ಹಾಕುತ್ತೀರಿ?

ಕಲಬುರಗಿಯ ಬಿಸಿಲನ್ನು ನಾನು ವರ್ಣಿಸುವುದು ಬೇಡ, ಮೇ ತಿಂಗಳಲ್ಲಿ ಮಾಳಿಗೆಗೆ ನೀರು ಚೆಲ್ಲಿ ಮಲಗುತ್ತಿದ್ದೆವು. ಆದರೆ ಅಂಥ ತೊಗರಿ ಬೇಳೆ, ಅಂಥ ಜನ ಮತ್ತೆ ಸಿಗಲಿಲ್ಲ. ದಾವಣಗೆರೆಯಲ್ಲಿ ಇದ್ದದ್ದು ಎರಡೇ ವರ್ಷ. ಬೆಣ್ಣೆ ದೋಸೆ ತಿಂದು ಯಜಮಾನರು ಆರು ಕಿಲೋ ದಪ್ಪಗಾದರು. ರಾಜ್ಯದ ಯಾವ ಮೂಲೆಗೆ ಹೋಗಬೇಕಾದರೂ ಅಲ್ಲಿಂದ ಹತ್ತಿರ, ಅದೊಂದು ದೊಡ್ಡ ಸುಖ.

ಇನ್ನು ಸಣ್ಣ ಊರು ಒಳ್ಳೆಯದು ಅಂತ ಒಬ್ಬ ಓದುಗರು ಬರೆದಿದ್ದರು, ಗದಗ, ಹಾವೇರಿಯಂಥ ಕಡೆ ಹೋಗಿ ನೆಮ್ಮದಿಯಿಂದ ಇರಿ ಅಂತ. ಅವರು ಎಲ್ಲಿರುತ್ತಾರೋ ಗೊತ್ತಿಲ್ಲ. ನಮ್ಮ ಅಣ್ಣ ಇನ್ನೂ ಬೆಟಗೇರಿಯಲ್ಲೇ ಇದ್ದಾನೆ. ಅವನ ಮನೆಯ ಸಂಪ್ ಮಲಗುವ ಕೋಣೆಗಿಂತ ದೊಡ್ಡದು. ತುಂಗಭದ್ರೆಯ ನೀರು ಹಮ್ಮಿಗಿಯಿಂದ ಬರುತ್ತದೆ, ಆದರೆ ಅವನ ಓಣಿಯ ಪಾಳಿ ನಮಗಿಂತಲೂ ತಡ. ನಾವು ಸಣ್ಣವರಿದ್ದಾಗ ಸಾರ್ವಜನಿಕ ನಳದ ಮುಂದೆ ಕೊಡ ಪಾಳಿ ಹಚ್ಚಿ ಶಾಲೆಗೆ ಹೋಗುತ್ತಿದ್ದೆವು, ಈಗ ಮೊಮ್ಮಕ್ಕಳು ಬ್ಯಾರಲ್ ಪಾಳಿ ಹಚ್ಚುತ್ತಾರೆ. ಅಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದು ಅಂತ ಶಾಲೆಯಲ್ಲಿ ಎದೆಯುಬ್ಬಿಸಿ ಓದಿದ್ದೇವೆ. ಈಗ ನಮ್ಮ ಅಣ್ಣನ ಓಣಿಯವರು ಕೂಡಿ ಟ್ಯಾಂಕರಿಗೆ ಪಟ್ಟಿ ಎತ್ತುತ್ತಾರೆ. ಅದೂ ಸಹಕಾರವೇ ಅನ್ನಿ. ಆದರೂ ಸಂಜೆ ವೀರನಾರಾಯಣನ ಗುಡಿಗೆ ಹೋಗಿ, ಬರುವಾಗ ಮಿರ್ಚಿ ಕಟ್ಟಿಸಿಕೊಂಡು, ಎದುರಿಗೆ ಸಿಕ್ಕವರಲ್ಲಿ ಹತ್ತರಲ್ಲಿ ಎಂಟು ಜನ "ಯಾವಾಗ ಬಂದಿಯವ್ವಾ?" ಅಂತ ಕೇಳುವ ಊರು ಅದು. ಬೇರೆ ಊರಿನವರು ಹೋದರೆ ಆ ಎಂಟು ಜನ ಮಾತಾಡಿಸುವುದಿಲ್ಲ. ಆ ಸುಖ ಹುಟ್ಟಿದವರಿಗೆ ಮಾತ್ರ.

ಹಾವೇರಿಯಲ್ಲಿ ತಂಗಿ ಇದ್ದಾಳೆ. 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆ ಆದಾಗ ಇನ್ನು ಎಲ್ಲದಕ್ಕೂ ಹುಬ್ಬಳ್ಳಿಗೆ ಓಡುವುದು ತಪ್ಪಿತು ಅಂದಿದ್ದಳು. ಈಗಲೂ ಕಣ್ಣಿನ ಡಾಕ್ಟರಿಗೆ, ಮದುವೆ ಸೀರೆಗೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಹುಬ್ಬಳ್ಳಿಗೇ ಬರುತ್ತಾಳೆ. 2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಊರಿಗೆ ಊರೇ ಏಲಕ್ಕಿ ಮಾಲೆ ಹಾಕಿಕೊಂಡಂತೆ ಇತ್ತಂತೆ. ಅಂಥ ದಿನ ದಿನಾ ಬರುವುದಿಲ್ಲ.

ಹಾಗಾದರೆ ನೀವು ಯಾಕೆ ಧಾರವಾಡದಲ್ಲಿ ಇದ್ದೀರಿ ಅಂತ ಕೇಳುತ್ತೀರಿ. ಪೇಡೆ ಅಂತಲೋ, ಸಾಧನಕೇರಿ ಅಂತಲೋ, ಸಂಗೀತದ ಊರು ಅಂತಲೋ ಹೇಳುವುದಿಲ್ಲ. ಅದೆಲ್ಲ ನೆಂಟರಿಗೆ ತೋರಿಸುವುದಕ್ಕೆ. ಒಂದು ರಾತ್ರಿಯ ಕಥೆ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ರಾತ್ರಿ ಹನ್ನೊಂದೂವರೆಗೆ ಯಜಮಾನರು ಎದೆ ಹಿಡಿದುಕೊಂಡು ಎದ್ದು ಕೂತರು. ಬೆವರು ಕಿತ್ತುಕೊಂಡು ಬಂತು. ಎದುರು ಮನೆಯ ಹುಡುಗ ಬನಿಯನ್‌ನಲ್ಲೇ ಓಡಿ ಬಂದು ಕಾರು ತೆಗೆದ. ದಾರಿಯಲ್ಲಿ ಒಂದು ಸಿಗ್ನಲ್ಲೂ ನಿಲ್ಲಲಿಲ್ಲ, ನಿಲ್ಲಲು ಅಷ್ಟೊತ್ತಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಮನೆ ಬಿಟ್ಟು ಹದಿನೆಂಟನೇ ನಿಮಿಷಕ್ಕೆ ಇಸಿಜಿ ಆಗುತ್ತಿತ್ತು, ನಾನು ಗಡಿಯಾರ ನೋಡಿದ್ದೆ. ಎದೆಯದ್ದೇನೂ ಅಲ್ಲ, ಸಂಜೆ ಗಿರ್ಮಿಟ್ ಜೊತೆ ತಿಂದ ಐದು ಮಿರ್ಚಿಯ ಗ್ಯಾಸ್. ಡಾಕ್ಟರ್ ನಕ್ಕರು, ನಾನು ಯಜಮಾನರನ್ನು ಮನೆವರೆಗೂ ಬೈದೆ. ಆದರೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ಮೊಮ್ಮಗಳಿಗೆ ಜ್ವರ ಏರಿದ ಸಂಜೆ ಆರು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿದಿತ್ತು. ಆ ಹದಿನೆಂಟು ನಿಮಿಷ ನನಗೆ ಮಾಲ್‌ಗಿಂತ, ವಿಮಾನ ನಿಲ್ದಾಣಕ್ಕಿಂತ ದೊಡ್ಡದು. ಬನಿಯನ್ ಹುಡುಗನೂ ಅಷ್ಟೇ.

ಇನ್ನೊಂದು, ನಮ್ಮದು ಜೋಡಿ ಊರು. ಇಪ್ಪತ್ತು ಕಿಲೋಮೀಟರ್ ದೂರದ ಎರಡು ಊರನ್ನು 1962ರಲ್ಲಿ ಒಂದೇ ಪಾಲಿಕೆಗೆ ಸೇರಿಸಿದರು. ಸ್ವಭಾವದಲ್ಲಿ ಅತ್ತೆ ಸೊಸೆ ಇದ್ದಂತೆ. ಹುಬ್ಬಳ್ಳಿಗೆ ವ್ಯಾಪಾರ, ರೈಲು, ಗದ್ದಲ. ಧಾರವಾಡಕ್ಕೆ ಕಾಲೇಜು, ಕೋರ್ಟು, ಮಧ್ಯಾಹ್ನದ ನಿದ್ದೆ. ಎರಡನ್ನೂ ಬೇಕಾದಾಗ ಬೇಕಾದಷ್ಟು ಬಳಸಬಹುದು. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಬಂದ ಮೇಲಂತೂ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಸೀರೆ ನೋಡಿ, ಕೊಳ್ಳದೆ ವಾಪಸ್ ಬರುವುದು ನಮ್ಮಂಥವರಿಗೆ ಒಂದು ವ್ಯಾಯಾಮ. ಎಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ಉಣಕಲ್ ಕೆರೆ ಕಾಣುತ್ತದೆ. ನಮ್ಮ ಮನೆಯ ಮೇಲಿನ ಎರಡು ಕೋಣೆಯ ಬಾಡಿಗೆ 9 ಸಾವಿರ, ಅಡ್ವಾನ್ಸ್ 50 ಸಾವಿರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳಿದಾಗ ಯಜಮಾನರು ಪಿಎಫ್ ಸಾಲ ತೆಗೆದಿದ್ದರು.

ಹೊಗಳಿಕೆ ಸಾಕು. ಹುಬ್ಬಳ್ಳಿಯ ಧೂಳಿಗೆ ನಾನು ಬಿಳಿ ಸೀರೆ ಉಡುವುದನ್ನೇ ಬಿಟ್ಟಿದ್ದೇನೆ, ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕೆಲಸ ಹಿಡಿದ ಮೇಲೆ ಕಪ್ಪು ಸೀರೆಯೂ ಬಿಳಿ ಆಗುತ್ತದೆ. ಹಂದಿ, ಬೀದಿನಾಯಿ ಕೇಳಬೇಡಿ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದಂತೆ, 1,507 ಮೀಟರ್, 2023ರಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ನನ್ನ ಬೋಗಿ ಯಾವಾಗಲೂ ಆ ತುದಿಗೇ ನಿಲ್ಲುತ್ತದೆ, ಮೊಣಕಾಲಿಗೆ ಆ ಹೆಮ್ಮೆ ಅರ್ಥವಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಕೆಲಸದ್ದು. ಧಾರವಾಡದ ಸಪ್ತಾಪುರದ ಕಡೆ ಸಂಜೆ ಹೋಗಿ ನೋಡಿ. ಸಾವಿರಾರು ಹುಡುಗ ಹುಡುಗಿಯರು ಬ್ಯಾಗಿನಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹಾಕಿಕೊಂಡು ಕೋಚಿಂಗ್ ಕ್ಲಾಸಿನಿಂದ ಖಾನಾವಳಿಗೆ, ಖಾನಾವಳಿಯಿಂದ ರೂಮಿಗೆ ನಡೆಯುತ್ತಿರುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, 2016ರಿಂದ ಐಐಟಿಯೂ ಇದೆ. ಓದಿಸುವುದಕ್ಕೆ ಇಂಥ ಊರು ಇಲ್ಲ. ಓದಿದ ಮೇಲೆ ಮಾತ್ರ ಧಾರವಾಡದಿಂದ ಬೆಂಗಳೂರಿಗೆ ವಂದೇ ಭಾರತ್ ಇದೆ, ಹತ್ತಿ ಹೋಗು ಅನ್ನುತ್ತದೆ. ನನ್ನ ಮಗನೂ ಹೋದ. ಲ್ಯಾಪ್‌ಟಾಪ್ ಮುಂದೆ ಮನೆಯಲ್ಲೇ ಕೂತು ದುಡಿಯುವ ಅವನಂಥವರು ವಾಪಸ್ ಬರಬಹುದು, ಫ್ಯಾಕ್ಟರಿಯಲ್ಲಿ ನಿಂತು ದುಡಿಯುವವನು ಏನು ನೋಡಿ ಬರಬೇಕು?

ಮಗನಿಗೆ ನಾನು ಹೇಳಿದ್ದು ಇಷ್ಟು. ಊರು ನೋಡಲು ಡಿಸೆಂಬರ್‌ನಲ್ಲಿ ಬರಬೇಡ, ಡಿಸೆಂಬರ್‌ನಲ್ಲಿ ಎಲ್ಲ ಊರೂ ಚೆಂದ. ಮೇ ತಿಂಗಳಲ್ಲಿ ಒಮ್ಮೆ ಬಾ, ಜುಲೈನಲ್ಲಿ ಒಮ್ಮೆ ಬಾ. ಮನೆ ನೋಡುವಾಗ ಮಾಲೀಕರನ್ನು ನೀರಿನ ಬಗ್ಗೆ ಕೇಳಬೇಡ, ಅವರು "ಭರಪೂರ ಅದಾವರಿ" ಅಂತಲೇ ಹೇಳುತ್ತಾರೆ. ಹಿತ್ತಲಿಗೆ ಹೋಗಿ ಬ್ಯಾರಲ್ ಎಣಿಸು. ಒಂದೂ ಇಲ್ಲದಿದ್ದರೆ ಕಣ್ಣು ಮುಚ್ಚಿ ಅಡ್ವಾನ್ಸ್ ಕೊಡು, ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಚಹಾ ಕುಡಿದು ಎದ್ದು ಬಾ. ಬೆಳಿಗ್ಗೆ ಅಂಗಳ ಗುಡಿಸುವ ಹೆಂಗಸನ್ನು ಮಾತಾಡಿಸು, ಐದು ನಿಮಿಷದಲ್ಲಿ ಇಡೀ ಓಣಿಯ ಜಾತಕ ಹೇಳುತ್ತಾಳೆ. ರಾತ್ರಿ ಹತ್ತೂವರೆಗೆ ಔಷಧಿ ಅಂಗಡಿ ತೆರೆದಿದೆಯಾ ನೋಡು. ಒಂದು ವರ್ಷ ಬಾಡಿಗೆಗೆ ಇರು, ಸೈಟು ಗೀಟು ಅಂತ ಈಗಲೇ ದುಡ್ಡು ಸುರಿಯಬೇಡ. ಮತ್ತೆ, ನಮ್ಮ ಮನೆಗೆ ಬಂದು ಇರಿ ಅಂತ ನಾನು ಕರೆದಿಲ್ಲ. ಒಂದೇ ಊರಲ್ಲಿ ಬೇರೆ ಮನೆ ಇದ್ದರೆ ಎಲ್ಲರೂ ನಗುತ್ತಾ ಇರುತ್ತೇವೆ. ಇದನ್ನು ಸೊಸೆ ಕೇಳಿಸಿಕೊಂಡು ಮೊದಲ ಸಲ ಧಾರವಾಡದ ಬಗ್ಗೆ ಆಸಕ್ತಿ ತೋರಿಸಿದಳು.

ಈಗ ನಿಮ್ಮಲ್ಲಿ ಒಂದು ಮನವಿ. ನಿಮ್ಮ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ದಿನಾ ಬರುತ್ತದೆ, ಮಲಪ್ರಭೆಯಲ್ಲಿ ಇಷ್ಟು ಅಡಿ ಅಂತ. ಬಂಗಾರದ ದರ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿ ದರ ಬರುತ್ತದೆ. ಅದರ ಪಕ್ಕದಲ್ಲೇ ವಾರಕ್ಕೊಮ್ಮೆ ಒಂದು ಸಣ್ಣ ಪಟ್ಟಿ ಹಾಕಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು ಅಂತ. ಅಷ್ಟೇ ಸಾಕು. ಬೆಂಗಳೂರಿನಿಂದ, ಪುಣೆಯಿಂದ ವಾಪಸ್ ಬರಬೇಕು ಅಂತ ಎಷ್ಟೋ ಮಕ್ಕಳು ಮನೆ ಹುಡುಕುತ್ತಿದ್ದಾರೆ, ಅವರಿಗೆ ನಗರಗಳ ರ್‍ಯಾಂಕ್‌ಗಿಂತ ಅದು ಉಪಯೋಗ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಸಚಿವ ಸಂಪುಟ ಒಪ್ಪಿದ ಸುದ್ದಿ ನೀವೇ ದೊಡ್ಡದಾಗಿ ಹಾಕಿದ್ದಿರಿ. ಮೇಯರ್ ಕುರ್ಚಿ ಎರಡಾಗುತ್ತವೆ, ಪೈಪು ಎರಡಾಗುತ್ತವೋ ಇಲ್ಲವೋ ಅದನ್ನೂ ಆ ಪಟ್ಟಿಯಲ್ಲೇ ನೋಡಿಕೊಳ್ಳುತ್ತೇವೆ. ವಾಲ್‌ಮನ್‌ಗಳನ್ನು ಕೇಳಿದರೆ ಲೆಕ್ಕ ಸಿಗುತ್ತದೆ. ಅವರು ಕೊಡದಿದ್ದರೆ ಓಣಿಗೊಬ್ಬ ಹೆಂಗಸನ್ನು ಕೇಳಿ. ನಮ್ಮ ಓಣಿಯದ್ದು ನಾನು ಕೊಡುತ್ತೇನೆ, ಎರಡು ವರ್ಷದ ಕ್ಯಾಲೆಂಡರ್ ಎಸೆಯದೆ ಇಟ್ಟಿದ್ದೇನೆ. ಬೇಕಾದರೆ ಫೋಟೊ ತೆಗೆದು ಕಳಿಸಲು ಸೊಸೆಗೆ ಹೇಳುತ್ತೇನೆ. ಮೇ ಎರಡನೇ ವಾರಕ್ಕೆ ಟಿಕೆಟ್ ತೆಗೆದಿದ್ದಾರಂತೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ಮಾಳಮಡ್ಡಿ, ಧಾರವಾಡ